ಹೆಂಡರ್ಸನ್ನಿನಲ್ಲಿ ನಾನು ಆರಿಸಿದ ಒಲೆ

ಏವನ್‌ಡೇಲ್ ಸಂತೆ, ಭಾನುವಾರ

ನ್ಯೂಜಿಲೆಂಡಿಗೆ ಹೋಗಿಬಂದವರೆಲ್ಲ ಹಿಮದ ಬೆಟ್ಟ, ನೀಲಿ ಸರೋವರ, ಕುರಿಮಂದೆ ಎಂದು ಪುಟಗಟ್ಟಲೆ ಬರೆಯುತ್ತಾರೆ. ನಾನು ಅಲ್ಲಿದ್ದಷ್ಟು ದಿನ ಹತ್ತಿರದಿಂದ ಕಂಡ ಕುರಿ ಒಂದೇ. ಅದೂ ಒಂದು ಪಾತ್ರೆಯೊಳಗೆ, ಅರ್ಧ ಬೆಂದು ನಿಂತುಬಿಟ್ಟಿತ್ತು. ಅರ್ಧಕ್ಕೆ ನಿಲ್ಲಿಸಿದ ಮಹಾನುಭಾವ ನಾನೇ. ಸರೋವರದ ವರ್ಣನೆ ಬೇಕಾದವರು ಬೇರೆ ಯಾರನ್ನಾದರೂ ಕೇಳಿಕೊಳ್ಳಬಹುದು.

ನನ್ನ ತಂಗಿಯ ಮಗಳು ಶುಭಾ ಆಕ್ಲೆಂಡಿನ ಹೆಂಡರ್ಸನ್‌ನಲ್ಲಿ ನರ್ಸ್. 'ಮಾವ, ರಿಟೈರಾಗಿ ಮದ್ದೂರಲ್ಲಿ ಕೂತ್ಕೊಂಡು ಹಗಲೊತ್ತು ಉರಿಯೋ ಬೀದಿದೀಪ ನೋಡಿ ಬಿಪಿ ಏರಿಸ್ಕೊಳೋ ಬದ್ಲು ಇಲ್ಲಿಗೆ ಬಾ' ಎಂದು ಕರೆಸಿಕೊಂಡಿದ್ದಳು. ಅವಳು ಹೇಳಿದ್ದು ನಿಜ. ಕರೆಂಟ್ ಆಫೀಸಿನಲ್ಲಿ ಇಡೀ ಸರ್ವೀಸ್ ಸವೆಸಿದವನು ನಾನು. ಯಾರೂ ಇಲ್ಲದ ಕೋಣೆಯಲ್ಲಿ ದೀಪ ಉರಿಯುವುದು ಕಂಡರೆ ನನಗೆ ಅನ್ನ ಚೆಲ್ಲಿದ್ದು ಕಂಡಷ್ಟು ಸಂಕಟ. ನೆಂಟರ ಮನೆಗೆ ಹೋದರೂ ಕೈ ಸುಮ್ಮನಿರುವುದಿಲ್ಲ. ಮದುವೆ ಮನೆಯೊಂದರಲ್ಲಿ ಸ್ನಾನದ ಗೀಸರ್ ಆರಿಸಿ ಗಂಡಿನ ಕಡೆಯವರಿಂದ ಬೈಸಿಕೊಂಡ ಕೀರ್ತಿಯೂ ನನಗಿದೆ.

ಭಾನುವಾರದ ಏವನ್‌ಡೇಲ್ ಸಂತೆಗೆ ಶುಭಾ ಕರೆದುಕೊಂಡು ಹೋದಳು. ಸಂತೆ ಅಂದರೆ ಸಂತೆಯೇ. ಕೆಸುವಿನ ಗೆಡ್ಡೆ, ಕೊತ್ತಂಬರಿ ಕಟ್ಟು, ಹಳೇ ಬೂಟು, ಕಿರುಚಾಟ. ಅಷ್ಟು ದೂರ ವಿಮಾನದಲ್ಲಿ ಮಂಡಿ ಮಡಿಚಿಕೊಂಡು ಹಾರಿ ಬಂದದ್ದು ಮದ್ದೂರಿನ ಮಂಗಳವಾರ ನೋಡುವುದಕ್ಕಾಯಿತು. ಅಲ್ಲಿ ಒಬ್ಬ ಮುದುಕಮ್ಮ ಆಲೂಗಡ್ಡೆ ರಾಶಿಯ ಮುಂದೆ ನಿಂತು ಒಂದೊಂದನ್ನೂ ಎತ್ತಿ, ತಿರುಗಿಸಿ, ಮೂಸಿ, ಮತ್ತೆ ಇಡುತ್ತಿದ್ದರು. ಅಂಗಡಿಯ ಟೋಂಗಾ ದ್ವೀಪದ ಹೆಂಗಸು ತಾಳ್ಮೆ ಕಳೆದುಕೊಳ್ಳದೆ ಕೇಳಿದಳು: 'ಡಾರ್ಲಿಂಗ್, ಅದನ್ನ ಬೇಯಿಸ್ತೀರೋ ಮದುವೆ ಆಗ್ತೀರೋ?'

'ನಮ್ಮ ಪಕ್ಕದ ಮನೆ ಸಿಮ್ಹಾ ಆಂಟಿ' ಎಂದಳು ಶುಭಾ.

ನಮ್ಮ ಕಡೆ ಆ ಹೆಸರಿಟ್ಟುಕೊಳ್ಳಲು ಮೀಸೆ ಬೇಕು. ಅವರ ಭಾಷೆಯಲ್ಲಿ ಸಂತೋಷ ಎಂದು ಅರ್ಥವಂತೆ. ಮೊರೊಕ್ಕೊದಲ್ಲಿ ಹುಟ್ಟಿ, ಇಸ್ರೇಲಿನಲ್ಲಿ ಮದುವೆಯಾಗಿ, ಹೆಂಡರ್ಸನ್ನಿನಲ್ಲಿ ಗಂಡನನ್ನು ಮಣ್ಣು ಮಾಡಿದ ಯಹೂದಿ ಹೆಂಗಸು. ಎಂಬತ್ತರ ಹತ್ತಿರದ ವಯಸ್ಸು. ಆಕೆಯ ಇಂಗ್ಲಿಷೂ ನನ್ನ ಇಂಗ್ಲಿಷೂ ಬೇರೆ ಬೇರೆ ಕಡೆ ಮುರಿದಿದ್ದರಿಂದ ಇಬ್ಬರಿಗೂ ಚೆನ್ನಾಗಿ ಹೊಂದಿಕೆಯಾಯಿತು. ನನ್ನನ್ನು ಮೇಲಿನಿಂದ ಕೆಳಗೆ ಆಲೂಗಡ್ಡೆ ನೋಡಿದ ಹಾಗೆಯೇ ನೋಡಿ, 'ಗೌಡಾ, ನಿಮ್ಮ ಕೈ ಗಟ್ಟಿ ಇದೆಯಾ? ಶುಕ್ರವಾರ ನನಗೊಂದು ಪಾತ್ರೆ ಹೊರಬೇಕು' ಎಂದರು. ನಾನು ಪಾಸಾದೆ ಅನ್ನಿಸುತ್ತದೆ.

ವಾಪಸ್ ಬರುವಾಗ ಕಾರಿನಲ್ಲಿ ವಿಷಯ ತಿಳಿಯಿತು. ಮುಂದಿನ ಶನಿವಾರ ಆಕೆಯ ಗಂಡ ಯಾಕೋಬ್ ಸತ್ತು ಒಂದು ವರ್ಷ. ಅವತ್ತು ಪ್ರಾರ್ಥನಾ ಮಂದಿರದಲ್ಲಿ, ಅಂದರೆ ಅವರ ಸಿನಗಾಗಿನಲ್ಲಿ, ಕದ್ದೀಶ್ ಎಂಬ ಪ್ರಾರ್ಥನೆ ಹೇಳಿಸಬೇಕು. ಹೇಳಲು ಮಕ್ಕಳಿಲ್ಲ. ಯಾಕೋಬ್‌ನ ಅಕ್ಕನ ಮಗ ರಫಿ ಪೊರಿರುವಾ ಎಂಬ ದೂರದ ಊರಿನಿಂದ ಬಂದು ಹೇಳುತ್ತಾನೆ. ತೊಡಕು ಅದಲ್ಲ. ಕದ್ದೀಶ್ ಹೇಳಬೇಕಾದರೆ ಹತ್ತು ಜನ ಯಹೂದಿ ಗಂಡಸರು ಎದುರಿಗಿರಬೇಕು. ಒಂಬತ್ತಾದರೆ ಪ್ರಾರ್ಥನೆ ಇಲ್ಲ, ಪುಸ್ತಕ ಮುಚ್ಚಿ ಮನೆಗೆ.

'ನಿಮ್ಮನ್ನೂ ಸೇರಿಸ್ಕೊಂಡು ಹತ್ತಾ?' ಎಂದೆ.

'ನಾನು ಅಡುಗೆ ಮಾಡೋಳು, ಗುಡಿಸೋಳು, ಬಾಗಿಲು ತೆಗೆಯೋಳು. ನನ್ನ ಲೆಕ್ಕ ಇಲ್ಲ' ಎಂದರು ಸಿಮ್ಹಾ ಆಂಟಿ.

ಈ ವಿಷಯದಲ್ಲಿ ಮಾತ್ರ ನನಗೆ ಪರದೇಶಕ್ಕೆ ಬಂದ ಹಾಗೆ ಅನ್ನಿಸಲಿಲ್ಲ.

'ಹೆಂಡರ್ಸನ್ನಿನಲ್ಲಿ ಶನಿವಾರ ಹತ್ತು ಗಂಡಸರನ್ನ ಹಿಡಿಯೋದು ಏನು ಅಂದ್ಕೊಂಡಿದ್ದೀರಿ? ಒಬ್ಬನ ಮಗನಿಗೆ ಫುಟ್‌ಬಾಲ್. ಒಬ್ಬ ಬೀಚ್ ಹತ್ತಿರದ ತನ್ನ ಬ್ಯಾಚ್‌ಗೆ, ಅಂದ್ರೆ ರಜಾ ಮನೆಗೆ, ಹೋಗಿ ಮೀನು ಹಿಡೀತಾನೆ. ದೇವರು ಕರೆದರೆ ಇವರು ಬರಲ್ಲ ಗೌಡಾ. ನನ್ನ ಪಾತ್ರೆ ಕರೆದರೆ ಬರ್ತಾರೆ.' ಹೇಳುತ್ತಾ ಹೇಳುತ್ತಾ ಕಣ್ಣು ತುಂಬಿಕೊಂಡರು. 'ಈ ಸಲ ಬರಲೇಬೇಕು. ಆ ಸಿನಗಾಗ್ ಶುರು ಮಾಡಿದ್ದೇ ಅವರು. ಅವರಿಗೇ ಹತ್ತು ಜನ ಇಲ್ಲ ಅಂದ್ರೆ ನಾನು ಆ ಬಾಗಿಲಿನ ಕೀ ವಾಪಸ್ ಕೊಟ್ಟುಬಿಡ್ತೀನಿ.'

ಹೆಂಡರ್ಸನ್, ಶುಕ್ರವಾರ ಮಧ್ಯಾಹ್ನ

ಪಾತ್ರೆ ಎಂದರೆ ನಮ್ಮ ಮುದ್ದೆ ಬೇಯಿಸುವ ಹಂಡೆಯ ತಮ್ಮ. ಅದರೊಳಗೆ ಗೋಧಿ, ಕಡಲೆಕಾಳು, ಪರೀಕ್ಷೆ ಪಾಸಾದ ಆಲೂಗಡ್ಡೆ, ಸಿಪ್ಪೆ ಸಮೇತ ಮೊಟ್ಟೆ, ಕುರಿಮಾಂಸ. ಹೆಸರು ದಫಿನ. ಯಹೂದಿಗಳು ಶುಕ್ರವಾರ ಸಂಜೆ ಸೂರ್ಯ ಮುಳುಗಿದಲ್ಲಿಂದ ಶನಿವಾರ ಕತ್ತಲಾಗುವವರೆಗೆ ಬೆಂಕಿ ಹೊತ್ತಿಸುವಂತಿಲ್ಲ, ಆರಿಸುವಂತಿಲ್ಲ, ಅಡುಗೆ ಮಾಡುವಂತಿಲ್ಲ. ಅದಕ್ಕೆ ಶಬ್ಬಾತ್ ಎನ್ನುತ್ತಾರೆ. ಹಾಗಾಗಿ ಮೊದಲೇ ಒಲೆಗೇರಿಸಿದ ಪಾತ್ರೆಯಲ್ಲಿ ಶನಿವಾರದ ಊಟ. ಶನಿವಾರ ನನ್ನ ಪಾಲಿಗೆ ತಿಮ್ಮಪ್ಪನ ವಾರ, ಮೊಟ್ಟೆಯೂ ಮುಟ್ಟುವುದಿಲ್ಲ. ಅವರ ಪಾಲಿಗೆ ಕುರಿಮಾಂಸದ ವಾರ. ಆದರೂ ಹೊತ್ತೆ. ಹೊರುವುದಕ್ಕೆ ವಾರ ಇಲ್ಲವಲ್ಲ.

ದಾರಿಯಲ್ಲಿ ಆಂಟಿ ತಮ್ಮ ಅಡುಗೆಮನೆಯ ಕಾನೂನು ತಿಳಿಸಿದರು. ಹಾಲಿಗೂ ಮಾಂಸಕ್ಕೂ ಮುಖಾಮುಖಿ ಇಲ್ಲ. ಪಾತ್ರೆ ಬೇರೆ, ಚಮಚ ಬೇರೆ, ಒರೆಸುವ ಬಟ್ಟೆ ಬೇರೆ. ನಮ್ಮ ದೊಡ್ಡಮ್ಮನ ಮಡಿ ಮೈಲಿಗೆಯನ್ನು ಕಂಡು ನಗುತ್ತಿದ್ದವನು ನಾನು. ಇವರ ಮುಂದೆ ದೊಡ್ಡಮ್ಮ ಬರೀ ಒಂದನೇ ಕ್ಲಾಸು.

ಸಿನಗಾಗ್ ಎಂದರೆ ಗೋಪುರ, ಕಂಬ ಎಂದೆಲ್ಲ ಊಹಿಸಿಕೊಂಡಿದ್ದೆ. ಹೋಗಿ ನೋಡಿದರೆ ಹಳೇ ಸ್ಕೌಟ್ ಹಾಲ್. ಗೋಡೆಯ ಮೇಲೆ ಗಂಟು ಹಾಕುವ ವಿಧಾನಗಳ ಬೋರ್ಡು ಇನ್ನೂ ಹಾಗೇ ಇತ್ತು. ಆಕ್ಲೆಂಡಿನ ಬೇರೆ ಯಹೂದಿಗಳು ಯೂರೋಪಿನ ರಾಗದಲ್ಲಿ ಪ್ರಾರ್ಥನೆ ಹೇಳುತ್ತಾರಂತೆ. ಇವರು ಸೆಫಾರ್ಡಿಗಳು, ನೂರಾರು ವರ್ಷದ ಹಿಂದೆ ಸ್ಪೇನಿನಿಂದ ಓಡಿಸಲ್ಪಟ್ಟು ಮೊರೊಕ್ಕೊ, ಈಜಿಪ್ಟು ಎಂದು ಚದುರಿದವರು. ರಾಗ ಬೇರೆ, ಆದ್ದರಿಂದ ಹಾಲ್ ಬೇರೆ. ಇದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಾಲ್ಕು ಜನ ಕನ್ನಡಿಗರು ಸೇರಿದ ಕಡೆ ಎರಡು ಕನ್ನಡ ಸಂಘ, ಎರಡು ಯುಗಾದಿ ನೋಡಿದವನು ನಾನು.

ಹಾಲ್‌ನ ಅಧ್ಯಕ್ಷರು ಆಲ್ಬರ್ಟ್ ಅಂಕಲ್. ಅಲೆಕ್ಸಾಂಡ್ರಿಯಾದಲ್ಲಿ ಹುಟ್ಟಿದವರು, ನಿವೃತ್ತ ಗಣಿತದ ಮೇಷ್ಟ್ರು, ನಿಯಮ ಎಂದರೆ ಪ್ರಾಣ. ಸೆಫಾರ್ಡಿಗಳೊಳಗೂ ಮೊರೊಕ್ಕೊದ ರಾಗ ಸರಿಯೋ ಈಜಿಪ್ಟಿನ ರಾಗ ಸರಿಯೋ ಎಂದು ಯಾಕೋಬ್ ಬದುಕಿದ್ದಷ್ಟು ದಿನವೂ ಅವರಿಗೂ ಇವರಿಗೂ ಪ್ರತಿ ವಾರ ಜಗಳವಂತೆ. 'ಈಗ ನನ್ನ ರಾಗವೇ ನಡೆಯುತ್ತೆ, ಯಾರೂ ಜಗಳಕ್ಕೆ ಬರಲ್ಲ' ಎಂದು ಆಲ್ಬರ್ಟ್ ಅಂಕಲ್ ಮುಖ ಸಣ್ಣ ಮಾಡಿಕೊಂಡು ಹೇಳಿದರು. ಗೆದ್ದವರು ಅಷ್ಟು ಸಪ್ಪಗಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಡುಗೆಮನೆಯಲ್ಲಿ ಕರೆಂಟಿನ ಹಾಟ್‌ಪ್ಲೇಟ್ ಮೇಲೆ ಪಾತ್ರೆ ಕೂರಿಸಿದೆ. ಸಿಮ್ಹಾ ಆಂಟಿ ಸ್ವಿಚ್ ಹಾಕಿದರು. 'ಮುಚ್ಚಳ ಮಾತ್ರ ಮುಟ್ಟಬೇಡಿ' ಎಂದು ಬೆರಳು ಎತ್ತಿ ಎಚ್ಚರಿಸಿದರು. ನಾನು ಮುಚ್ಚಳ ಮುಟ್ಟಲಿಲ್ಲ, ಇವತ್ತಿಗೂ ಆಣೆ ಮಾಡುತ್ತೇನೆ. ಸ್ವಿಚ್ಚಿನ ವಿಷಯ ಯಾರೂ ಎತ್ತಲಿಲ್ಲ.

ಶುಕ್ರವಾರ ಸಂಜೆ

ಜುಲೈ ತಿಂಗಳು, ಅಲ್ಲಿ ನಡುಚಳಿಗಾಲ. ಸಂಜೆ ಕಾಫಿ ಹೊತ್ತಿಗೇ ಕತ್ತಲು. 'ಬನ್ನಿ, ನೋಡಿ' ಎಂದು ಆಂಟಿ ಕರೆದಿದ್ದರಿಂದ ಇದ್ದೊಂದು ಕೋಟು ಹಾಕಿಕೊಂಡು ಹೋದೆ. ಗೇಟಿನಲ್ಲಿ ಎಲಿ ಎಂಬ ಹಲ್ಲಿನ ಡಾಕ್ಟರ್ ನಿಂತು ನಾನು ಯಾರು, ಯಾರು ಕಳಿಸಿದ್ದು, ಚೀಲದಲ್ಲೇನು ಎಂದು ವಿಚಾರಣೆ ಮಾಡಿದ. ಚೀಲದಲ್ಲಿ ಮಂಕಿಕ್ಯಾಪ್ ಇತ್ತು. ಅದನ್ನೂ ಬಿಡಿಸಿ ನೋಡಿ 'ಸಾರಿ ಅಂಕಲ್, ಕಾಲ ಚೆನ್ನಾಗಿಲ್ಲ' ಎಂದ. ನಮ್ಮ ದೇವಸ್ಥಾನಗಳ ಮುಂದೆ ಚಪ್ಪಲಿ ಕಾಯಲು ಒಬ್ಬರಿರುತ್ತಾರೆ. ಇಲ್ಲಿ ಒಳಗಿರುವ ಜನರನ್ನು ಕಾಯಲು ಒಬ್ಬರು ಬೇಕು. ಅವನಿಗೆ ತಮಾಷೆ ಮಾಡೋಣ ಎಂದುಕೊಂಡವನು ಮಂಕಿಕ್ಯಾಪ್ ಮಡಿಚಿ ಚೀಲಕ್ಕೆ ಹಾಕಿಕೊಂಡು ನಡೆದೆ.

ಒಳಗೆ ತಲೆಗೊಂದು ಪುಟ್ಟ ಟೋಪಿ ಕೊಟ್ಟರು. ಗಂಡಸರು ಈಚೆ, ಹೆಂಗಸರು ಪರದೆಯ ಆಚೆ. ಹಾಡು ನಮ್ಮ ಭಜನೆಯ ಹಾಗೆಯೇ. ಒಬ್ಬರು ಓಡುತ್ತಾರೆ, ಉಳಿದವರು ಹಿಂದೆ ಬೀಳುತ್ತಾರೆ, ಕೊನೆಯ ಸಾಲಿಗೆ ಎಲ್ಲರೂ ಒಟ್ಟಿಗೆ ಸಿಕ್ಕುತ್ತಾರೆ. ಮಧ್ಯದಲ್ಲಿ ಇದ್ದಕ್ಕಿದ್ದಂತೆ ಎಲ್ಲರೂ ಎದ್ದು ಬಾಗಿಲ ಕಡೆ ತಿರುಗಿ ತಲೆಬಾಗಿದರು. ಎಮ್ಮೆಲ್ಲೆ ಬಂದರೇನೋ ಎಂದು ನಾನೂ ಗಡಬಡಿಸಿ ಎದ್ದು ಕೈ ಮುಗಿದೆ. ಬಾಗಿಲಲ್ಲಿ ಯಾರೂ ಇರಲಿಲ್ಲ. ಶಬ್ಬಾತ್ ಎಂಬ ಮದುಮಗಳನ್ನು ಬರಮಾಡಿಕೊಳ್ಳುವುದಂತೆ ಅದು. ಆಮೇಲೆ ಒಬ್ಬರು ಎಲ್ಲರ ಅಂಗೈಗೂ ಪನ್ನೀರು ಚಿಮುಕಿಸಿದರು. ಮದುಮಗಳು, ಪನ್ನೀರು. ಕೊನೆಯಲ್ಲಿ ತೆಂಗಿನಕಾಯಿ ತಾಂಬೂಲದ ಚೀಲ ಕೊಡುವುದೊಂದು ಬಾಕಿ ಎಂದುಕೊಂಡೆ. ಕೊಡಲಿಲ್ಲ.

ನಡುವೆ ನಾನು ಟಾಯ್ಲೆಟ್‌ಗೆ ಹೋಗಿಬಂದೆ. ಬರುವಾಗ ಅಭ್ಯಾಸಬಲದಿಂದ ದೀಪ ಆರಿಸಿ ಬಂದೆ. ಸ್ವಲ್ಪ ಹೊತ್ತಿಗೆ ಆಲ್ಬರ್ಟ್ ಅಂಕಲ್ ಪಕ್ಕಕ್ಕೆ ಬಂದು ಕೂತರು.

'ಟಾಯ್ಲೆಟ್‌ನಲ್ಲಿ ಬಹಳ ಕತ್ತಲೆ' ಎಂದರು.

'ಹೌದಾ' ಎಂದೆ.

'ನನ್ನಂಥ ಮುದುಕ ಬಿದ್ದರೆ ಕಷ್ಟ.'

'ಜೋಪಾನ ಅಂಕಲ್.'

ಅವರು ಬೆವರತೊಡಗಿದರು. 'ನಾನು ನಿಮಗೆ ಏನೂ ಮಾಡಿ ಅಂತ ಹೇಳ್ತಿಲ್ಲ. ಹೇಳೋ ಹಾಗೂ ಇಲ್ಲ. ಕತ್ತಲೆ ಇದೆ ಅಂತ ಮಾತ್ರ ಹೇಳ್ತಿದ್ದೀನಿ' ಎಂದು ಎರಡು ಕಾಲೂ ಒತ್ತಿ ಹಿಡಿದರು. ಆಗ ನನ್ನ ದಪ್ಪ ತಲೆಗೆ ಇಳಿಯಿತು. ಎದ್ದು ಹೋಗಿ ದೀಪ ಹಾಕಿದೆ. ನನ್ನ ಹಿಂದೆಯೇ ಒಂದು ಸಾಲು ನಿಂತಿತು.

ಅಯ್ಯೋ ಪಾಪವೇ ಎನ್ನಿಸಿತು. ಕರೆಂಟೂ ಅವರಿಗೆ ಬೆಂಕಿಯೇ. ಹಾಕುವಂತಿಲ್ಲ, ಆರಿಸುವಂತಿಲ್ಲ, ಬಾಯಿಬಿಟ್ಟು ಕೇಳುವಂತೆಯೂ ಇಲ್ಲ. ಅಷ್ಟು ಜನರ ನಡುವೆ ಸ್ವಿಚ್ ಮುಟ್ಟಬಹುದಾದ ಏಕೈಕ ಗಂಡಸು ನಾನು. ಕೆಲಸದಲ್ಲಿದ್ದಾಗಲೂ ನನಗೆ ಇಂಥ ಅಧಿಕಾರ ಸಿಕ್ಕಿರಲಿಲ್ಲ. ನೋಡಿ, ನನ್ನ ತಲೆ ತಿರುಗಿದ್ದು ಅಲ್ಲೇ.

ಪ್ರಾರ್ಥನೆ ಮುಗಿದು ಎಲ್ಲರೂ 'ಶಬ್ಬಾತ್ ಶಲೋಮ್' ಎಂದು ಕೈ ಕುಲುಕಿ ಹೊರಟರು. ಸಿಮ್ಹಾ ಆಂಟಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಹಾಟ್‌ಪ್ಲೇಟಿನ ಕೆಂಪು ದೀಪವನ್ನು ಒಂದು ಕ್ಷಣ ನೋಡಿ, ನಿಟ್ಟುಸಿರುಬಿಟ್ಟು, ಏನೂ ಹೇಳದೆ ಹೊರಗೆ ಹೋದರು. ಈಗ ನಾನು ಅನುಭವಸ್ಥ. ಕತ್ತಲೆ ಎಂದರೆ ದೀಪ ಹಾಕು, ನಿಟ್ಟುಸಿರು ಎಂದರೆ ಒಲೆ ಆರಿಸು! ಮಧ್ಯಾಹ್ನದಿಂದ ಕುದಿಯುತ್ತಿದೆ, ಬೆಂದಿರುತ್ತದೆ. ಖಾಲಿ ಕಟ್ಟಡದಲ್ಲಿ, ಮರದ ನೆಲದ ಮೇಲೆ, ರಾತ್ರಿಯೆಲ್ಲ ಹಾಟ್‌ಪ್ಲೇಟ್ ಬಿಟ್ಟು ಹೋಗುವ ಹುಚ್ಚರು ಯಾರಿದ್ದಾರೆ? ಪಾಪ, ಕೈ ಕಟ್ಟಿಹಾಕಿಕೊಂಡಿದ್ದಾರೆ. ನಾನು ಗೋಡೆಯ ಸ್ವಿಚ್ಚನ್ನು ಟಕ್ ಎಂದು ಆರಿಸಿದೆ. ಒಂದು ಪುಣ್ಯದ ಕೆಲಸ ಮಾಡಿದ ನೆಮ್ಮದಿಯಲ್ಲಿ ಶುಭಾಳ ಮನೆಗೆ ಬಂದು ಮುದ್ದೆ ಉಂಡು ಗೊರಕೆ ಹೊಡೆದೆ.

ಶನಿವಾರ ಬೆಳಿಗ್ಗೆ

ಸಿಮ್ಹಾ ಆಂಟಿ, ಹಿಂದಿನ ಸಂಜೆ ಹೊತ್ತು ಮುಳುಗುವ ಮೊದಲು ಬಂದಿಳಿದಿದ್ದ ರಫಿ ಮತ್ತು ನಾನು ಮಳೆಯಲ್ಲಿ ನಡೆದು ಹೊರಟೆವು. ಛತ್ರಿ ಬಿಡಿಸುವುದೂ ಕೆಲಸವಂತೆ, ಬಿಡಿಸುವಂತಿಲ್ಲ. ನಾನೊಬ್ಬ ಬಿಡಿಸಿದರೆ ಚೆನ್ನಾಗಿರುವುದಿಲ್ಲವೆಂದು ಮಂಕಿಕ್ಯಾಪಿನಲ್ಲೇ ನೆನೆದೆ. ರಫಿ ಗಾರೆ ಕೆಲಸದ ಕಂಟ್ರಾಕ್ಟರು, ನಲವತ್ತು ದಾಟಿದ ದಾಂಡಿಗ, ಎದೆವರೆಗೆ ಗಡ್ಡ. 'ಅತ್ತೆ ದಫಿನಕ್ಕೋಸ್ಕರ ನಿನ್ನೆ ರಾತ್ರಿನೂ ಸರಿಯಾಗಿ ಊಟ ಮಾಡಿಲ್ಲ' ಎಂದು ಹೊಟ್ಟೆ ಸವರಿಕೊಂಡ. ಹಾಲ್‌ನಿಂದ ಎರಡು ಬೀದಿ ಆಚೆ ಎಲಿ ತನ್ನ ಯೂಟ್ ಎಂಬ ಪಿಕಪ್ ಗಾಡಿಯನ್ನು ಮರದ ಮರೆಯಲ್ಲಿ ನಿಲ್ಲಿಸಿ ಇಳಿಯುತ್ತಿದ್ದ. ಶಬ್ಬಾತ್ ದಿನ ಗಾಡಿ ಓಡಿಸಬಾರದು. ನಮ್ಮನ್ನು ಕಂಡವನೇ ಮೊದಲಿನಿಂದಲೂ ನಡೆದೇ ಬರುತ್ತಿರುವವನಂತೆ ಏದುಸಿರು ಬಿಡತೊಡಗಿದ. ಏಕಾದಶಿಯ ದಿನ ಬೈಪಾಸಿನ ಹೋಟೆಲಿನಲ್ಲಿ ಬೋಂಡಾ ತಿನ್ನುತ್ತಾ ಸಿಕ್ಕಿಬಿದ್ದ ನಮ್ಮೂರಿನ ಆಚಾರ್ಯರೊಬ್ಬರು ನೆನಪಾದರು. ಅವರೂ ಹೀಗೇ ನಟಿಸಿದ್ದರು, ಆದರೆ ಬಾಯಿ ತುಂಬಿತ್ತು.

ಆಂಟಿ ನೇರ ಅಡುಗೆಮನೆಗೆ ಹೋದರು. ನಾನೂ ಹಿಂದೆ ಹೋದೆ. ಪಾತ್ರೆಗೆ ಅಂಗೈ ಇಟ್ಟರು. ಇಟ್ಟ ಕೈ ಹಾಗೇ ಇತ್ತು. ಆಮೇಲೆ ಇನ್ನೊಂದು ಕೈಯನ್ನೂ ಇಟ್ಟರು, ಮಗುವಿನ ಜ್ವರ ನೋಡುವ ಹಾಗೆ. ಮುಚ್ಚಳ ಎತ್ತಿದರೆ ಮೇಲೆ ಬಿಳಿಯ ಕೊಬ್ಬು ಹೆಪ್ಪುಗಟ್ಟಿ ಕೂತಿತ್ತು. ಒಳಗೆ ಗೋಧಿ ಕಾಳು ಕಾಳಾಗಿ ಹಾಗೇ ಇತ್ತು. ರಾತ್ರಿಯಿಡೀ ಸಣ್ಣ ಕಾವಿನಲ್ಲಿ ಬೇಯಬೇಕಾದ ಅಡುಗೆಯಂತೆ ಅದು.

'ಯಾರು?' ಎಂದರು.

ನಾನು ಸ್ಕೂಲ್ ಹುಡುಗನ ಹಾಗೆ ಕೈ ಎತ್ತಿದೆ. 'ರಾತ್ರಿಯೆಲ್ಲ ಸುಮ್ನೆ ಉರೀತದೆ ಅಂತ... ಹಾಲ್‌ಗೆ ಬೆಂಕಿ ಹತ್ಕಂಡ್ರೆ ಅಂತ...'

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಆಂಟಿ ನನ್ನ ಮುಖವನ್ನೇ ನೋಡಿ, 'ನೀವು ತುಂಬಾ ಒಳ್ಳೆಯವರು ಗೌಡಾ. ದೇವರು ನಮ್ಮನ್ನ ಒಳ್ಳೆಯವರಿಂದ ಕಾಪಾಡಲಿ' ಎಂದರು. ಈಗ ಸ್ವಿಚ್ ಹಾಕಲೇ ಎಂದೆ. ಬೇಯದ್ದನ್ನು ಶಬ್ಬಾತ್ ದಿನ ಬೇಯಿಸಿ ತಿನ್ನುವ ಹಾಗಿಲ್ಲ, ಯಾರು ಹಾಕಿದರೂ ಇಲ್ಲ ಎಂದರು. ಮುಚ್ಚಳ ಮುಚ್ಚಿ, ಧ್ವನಿ ತಗ್ಗಿಸಿ ಹೇಳಿದರು: 'ಊಟ ಹೋದರೆ ಹೋಗಲಿ. ಊಟ ಇಲ್ಲ ಅಂತ ಇವರಿಗೆ ಗೊತ್ತಾಗಬಾರದು. ಯಾಕೋಬ್‌ದು ಕೊನೆಯಲ್ಲಿ ಬರುತ್ತೆ. ಅಲ್ಲಿವರೆಗೂ ಬಾಯಿ ಬಿಡಬೇಡಿ.'

ನನ್ನ ಬಾಯಿಗೆ ಬೀಗ ಹಾಕಬಹುದು, ಮೂಗುಗಳಿಗೆ ಹಾಕಲು ಆಗುತ್ತದೆಯೇ? ಶನಿವಾರ ಬೆಳಿಗ್ಗೆ ಹಾಲ್ ತುಂಬ ಮಾಂಸದ ಘಮ ಇರಬೇಕಾದ್ದು. ಅವತ್ತು ಒದ್ದೆ ಕೋಟುಗಳ ವಾಸನೆ ಮಾತ್ರ. ಗಂಡಸರು ಪ್ರಾರ್ಥನೆ ಪುಸ್ತಕದಿಂದ ತಲೆಯೆತ್ತಿ ಮೂಗು ಅರಳಿಸಿ ಅಡುಗೆಮನೆಯ ಕಡೆ ನೋಡುವುದು, ಮತ್ತೆ ಓದುವುದು.

ಅಷ್ಟಾದರೂ ಹತ್ತು ಜನ ಇದ್ದರು. ಆಲ್ಬರ್ಟ್ ಅಂಕಲ್ ಎಣಿಸಿದ್ದನ್ನು ಕಣ್ಣಾರೆ ನೋಡಿದೆ. ಅವರಲ್ಲಿ ಜನರನ್ನು ಒಂದು, ಎರಡು ಎಂದು ಎಣಿಸುವುದಿಲ್ಲ. ಹತ್ತು ಪದಗಳ ಒಂದು ಪ್ರಾರ್ಥನೆಯ ಸಾಲಿದೆ, ಒಬ್ಬೊಬ್ಬರ ಕಡೆಗೂ ಒಂದೊಂದು ಪದ ಹೇಳುತ್ತಾ ಹೋಗುತ್ತಾರೆ. ನಮ್ಮ ಕಣದಲ್ಲಿ ರಾಗಿ ಅಳೆಯುವವರು ಒಂದು ಎನ್ನದೆ 'ಲಾಭ' ಎಂದು ಶುರು ಮಾಡುತ್ತಿದ್ದರಲ್ಲ, ಹಾಗೆ. ಅಂಕಲ್ ಬೆರಳು ನನ್ನನ್ನು ಮಾತ್ರ ಕಂಬ ದಾಟಿದ ಹಾಗೆ ದಾಟಿ ಹೋಯಿತು. ಗಂಡಸಾಗಿ ಹುಟ್ಟಿದ ಮೇಲೆ ಲೆಕ್ಕಕ್ಕಿಲ್ಲದೆ ಕೂತದ್ದು ಅದೇ ಮೊದಲು. ಪರದೆಯ ಆಚೆ ಇರುವವರಿಗೆ ದಿನಾಲೂ ಹೇಗಿರುತ್ತದೋ.

ಮರದ ನಿಲುವು ಪೆಟ್ಟಿಗೆಯಲ್ಲಿ ಸುತ್ತಿಟ್ಟ ಅವರ ಧರ್ಮಗ್ರಂಥವನ್ನು ಹೊರತೆಗೆದು, ನೆಟ್ಟಗೆ ನಿಲ್ಲಿಸಿ, ಎಲ್ಲರಿಗೂ ತೋರಿಸಿ ಓದಿದರು. ಓದು ಮುಗಿದು ಸ್ವಲ್ಪ ಬಿಡುವು. ಎಲಿ ನೀರು ಕುಡಿಯಲು ಅಡುಗೆಮನೆಗೆ ಹೋದ. ಅವನು ಮುಖ ಇಳಿಬಿಟ್ಟುಕೊಂಡು ಬಂದು ರಫಿಯ ಕಿವಿಯಲ್ಲಿ ಏನೋ ಉಸುರಿದ. ಸ್ವಲ್ಪ ಗಾಳಿಗೆ ಎಂದು ಇಬ್ಬರೂ ಹೊರಗೆ ಹೋದರು. ಹೊರಗೆ ಧೋ ಎಂದು ಮಳೆ.

ಅವರು ಬರಲಿಲ್ಲ. ಆಲ್ಬರ್ಟ್ ಅಂಕಲ್ ಮತ್ತೆ ಆ ಸಾಲು ಹಿಡಿದು ಬೆರಳು ಚಾಚುತ್ತಾ ಬಂದರು. ಜನ ಮುಗಿದರು, ಎರಡು ಪದ ಉಳಿದವು. ಅಂಕಲ್ ಆ ಎರಡು ಪದಗಳನ್ನು ಹೇಳದೆ ಬಾಯಲ್ಲೇ ಇಟ್ಟುಕೊಂಡು ನಿಂತರು. ಪರದೆಯ ಆಚೆ ಕುರ್ಚಿ ಸರಿದ ಸದ್ದಾಯಿತು.

'ಇನ್ನು ಸ್ವಲ್ಪ ಹೊತ್ತು ಕಾಯಬಹುದು. ಆಮೇಲೆ ಮುಗಿಸಲೇಬೇಕು' ಎಂದರು ಅಂಕಲ್.

ನಾನು ಎದ್ದು ಹೊರಗೆ ನಡೆದೆ.

ಪೈ ಅಂಗಡಿ

ಹಸಿದ ಗಂಡಸರು ಎಲ್ಲಿಗೆ ಹೋಗುತ್ತಾರೆಂದು ತಿಳಿಯಲು ದೇಶದ ಪರಿಚಯ ಬೇಕಿಲ್ಲ. ಮೂಲೆ ತಿರುಗಿದರೆ ಬೇಕರಿ. ಗಾಜಿಗೆ ಹತ್ತಿರದ ಮೇಜಿನಲ್ಲಿ ನಮ್ಮ ಇಬ್ಬರು ಭಕ್ತರು. ತಲೆಯ ಮೇಲಿನ ಟೋಪಿ ಜೇಬಿಗೆ ಹೋಗಿತ್ತು. ಕೈಯಲ್ಲಿ ಒಂದೊಂದು ಕೀಮಾ ಚೀಸ್ ಪೈ, ಅಂದರೆ ನಮ್ಮ ಬೇಕರಿ ಪಫ್ಸಿನ ದೊಡ್ಡಣ್ಣ. ಹಾಲೂ ಮಾಂಸವೂ ಒಂದೇ ಹೊದಿಕೆಯೊಳಗೆ, ಅದೂ ಸಿಕ್ಕಿದ ಅಂಗಡಿಯ ಮಾಂಸ, ಅದೂ ಶಬ್ಬಾತ್ ದಿನ ದುಡ್ಡು ಕೊಟ್ಟು. ಸಿಮ್ಹಾ ಆಂಟಿ ದಾರಿಯುದ್ದಕ್ಕೂ ಹೇಳಿದ ಕಾನೂನನ್ನೆಲ್ಲ ಒಂದೇ ತುತ್ತಿನಲ್ಲಿ ಮುರಿಯಬಹುದೆಂದು ನನಗೆ ಹೊಳೆದಿ‌ರಲಿಲ್ಲ.

ನನ್ನನ್ನು ಕಂಡು ರಫಿಯ ಬಾಯಿ ಅಲ್ಲಾಡುವುದು ನಿಂತಿತು. 'ಅಂಕಲ್, ನೀವು ಏನೂ ನೋಡಿಲ್ಲ' ಎಂದ ಎಲಿ.

'ನಾನು ಏನೂ ನೋಡಿಲ್ಲ. ನೀವು ಏನೂ ತಿಂದಿಲ್ಲ. ಎದ್ದೇಳಿ' ಎಂದೆ.

ಎಲಿ ಬಾಯಿ ಒರೆಸಿಕೊಂಡು ಎದ್ದ. ಹಲ್ಲಿನ ಡಾಕ್ಟರಲ್ಲವೇ, ಒರೆಸುವುದು ಚೆನ್ನಾಗಿ ಗೊತ್ತು. ರಫಿ ಕದಲಲಿಲ್ಲ. ಅರ್ಧ ತಿಂದ ಪೈಯನ್ನು ಕೆಳಗಿಟ್ಟು ಅದನ್ನೇ ನೋಡುತ್ತಾ ಕೂತ.

'ಒಂದು ಕಾಫಿ ಕುಡಿದು ವಾಪಸ್ ಹೋಗೋಣ ಅಂತಾನೇ ಬಂದೆ ಅಂಕಲ್. ಹಸಿವು. ಏನು ಮಾಡ್ತಿದ್ದೀನಿ ಅಂತ ತಲೆಗೆ ಹೋಗೋ ಹೊತ್ತಿಗೆ ಅರ್ಧ ಒಳಗೆ ಹೋಗಿತ್ತು.' ಪೈಯನ್ನು ಇನ್ನಷ್ಟು ಆಚೆ ತಳ್ಳಿದ. 'ಈ ದೇಶಕ್ಕೆ ಬಂದಾಗ ನನಗೆ ಮಲಗೋಕೆ ಜಾಗ ಕೊಟ್ಟೋರು ಯಾಕೋಬ್ ಮಾವ. ಪೊರಿರುವಾದಲ್ಲಿ ನಾನು ಏನು ತಿಂತೀನಿ, ಏನು ಬಿಡ್ತೀನಿ, ಅವರು ಒಂದು ದಿನ ಕೇಳಿದವರಲ್ಲ. ಆದರೆ ಅವರ ಮುಂದೆ ಹೀಗೆ ಯಾವತ್ತೂ ಮಾಡಿಲ್ಲ. ಇವತ್ತು, ಅವರ ದಿನ, ಈ ಬಾಯಲ್ಲಿ ನಾನು ಅವರಿಗೆ ಕದ್ದೀಶ್ ಹೇಳಲಾ? ಆಗಲ್ಲ. ಬೇರೆ ಯಾರಾದ್ರೂ ಹೇಳಲಿ.'

'ಬೇರೆಯವರು ಹೇಳೋದಕ್ಕೂ ಹತ್ತು ಜನ ಬೇಕಲ್ಲಪ್ಪ. ಅಲ್ಲಿ ಎಂಟೇ ಜನ ಇರೋದು.'

'ನನ್ನಂಥವನನ್ನ ಹೇಗೆ ಲೆಕ್ಕಕ್ಕೆ ಹಿಡೀತಾರೆ?'

ನಾನು ಎದುರಿನ ಕುರ್ಚಿ ಎಳೆದುಕೊಂಡು ಕೂತೆ. ಆ ಹಾಳು ಸ್ವಿಚ್ ನಾನು ಮುಟ್ಟದಿದ್ದರೆ ಈ ಮನುಷ್ಯ ಈಗ ಮಾವನ ಹೆಸರಿನಲ್ಲಿ ಹೊಟ್ಟೆ ತುಂಬ ಉಣ್ಣುತ್ತಿದ್ದ. ಅವರ ಧರ್ಮ ನನಗೆ ಗೊತ್ತಿಲ್ಲ. ಗೊತ್ತಿದ್ದದ್ದು ನಮ್ಮದು. ಅದನ್ನೇ ಹೇಳಿದೆ.

'ನೋಡಪ್ಪ ರಫಿ, ನಮ್ಮಲ್ಲೂ ಸತ್ತವರ ಹೆಸರಲ್ಲಿ ಎಡೆ ಇಡ್ತೀವಿ. ಕಾಗೆ ಬಂದು ಮುಟ್ಟಿದ ಮೇಲೇ ನಾವು ಊಟಕ್ಕೆ ಕೂರೋದು. ಒಂದೊಂದ್ಸಲ ಕಾಗೆ ಬರಲ್ಲ. ಮನೆ ಮಂದಿಯೆಲ್ಲ ಬಿಸಿಲಲ್ಲಿ ನಿಂತ್ಕೊಂಡು ಕಾ ಕಾ ಅಂತ ಕೂಗ್ತೀವಿ, ಅತ್ತು ಕರೀತೀವಿ. ಕೊನೆಗೊಂದು ಬರುತ್ತೆ. ಅದು ಯಾವ ತಿಪ್ಪೆ ಕೆದರಿ ಬಂತು, ಏನು ತಿಂದು ಬಂತು ಅಂತ ಇವತ್ತಿನವರೆಗೂ ಯಾರೂ ಕೇಳಿಲ್ಲ. ಬಂತಲ್ಲ ಅಂತ ಕೈ ಮುಗೀತೀವಿ.'

ಎಲಿ ಕಿಸಕ್ಕೆಂದ. ರಫಿ ನಗಲಿಲ್ಲ. 'ನನ್ನನ್ನ ಕಾಗೆ ಅಂತಿದ್ದೀರಾ?'

'ಕಾಗೆಗಿಂತ ದಪ್ಪ ಇದ್ದೀಯ. ಆದ್ರೂ ಎದ್ದೇಳು. ನಿಮ್ಮತ್ತೆ ಪರದೆ ಹಿಂದೆ ನಿಂತವ್ರೆ.'

ಅವನು ಎದ್ದ.

ಮತ್ತೆ ಹಾಲ್‌ನಲ್ಲಿ

ಮೂವರೂ ತೊಯ್ದು ತೊಪ್ಪೆಯಾಗಿ ಒಳಗೆ ಬಂದೆವು. ಆಲ್ಬರ್ಟ್ ಅಂಕಲ್ ಉಳಿದಿದ್ದ ಎರಡು ಪದಗಳನ್ನು ಎಲಿಗೊಂದು, ರಫಿಗೊಂದು ಹೇಳಿ ಮುಗಿಸಿದರು. ಎಲ್ಲಿಗೆ ಹೋಗಿದ್ದಿರಿ ಎಂದು ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಮಾಂಸದ ಘಮಕ್ಕಾಗಿ ಬೆಳಿಗ್ಗೆಯಿಂದ ಕಾದಿದ್ದ ಹಾಲ್‌ಗೆ ಅದು ಕೊನೆಗೂ ಬಂದಿತ್ತು, ರಫಿಯ ಕೋಟಿನ ಮೇಲೆ. ಗಂಡಸರೆಲ್ಲ ಪುಸ್ತಕದೊಳಗೆ ಮುಖ ಹುದುಗಿಸಿದರು. ಆಲ್ಬರ್ಟ್ ಅಂಕಲ್ ಒಮ್ಮೆ ಮೂಗು ಎಳೆದುಕೊಂಡು ಹುಬ್ಬು ಗಂಟಿಕ್ಕಿದರು.

ಉಳಿದ ಪ್ರಾರ್ಥನೆ ಮುಗಿಯಿತು. ಯಾಕೋಬ್‌ನ ಹೆಸರು ಕೂಗಿದರು. ರಫಿ ಎದ್ದು ಮುಂದೆ ಹೋಗಿ ನಿಂತ. ಬಾಯಿ ತೆರೆದ, ಸ್ವರ ಹೊರಡಲಿಲ್ಲ. ಮತ್ತೆ ತೆರೆದ. ಗಡ್ಡದ ತುಂಬ ಪೈಯ ಹೊಟ್ಟು ಅಂಟಿಕೊಂಡಿತ್ತು. ದೀಪದ ಬೆಳಕಿಗೆ ಹಾಲ್‌ನ ಕೊನೆಯ ಸಾಲಿಗೂ ಕಾಣುತ್ತಿತ್ತು. ಅವನು ನಮ್ಮ ಕಡೆ ತಿರುಗಿ, ಆಗಲ್ಲ ಎನ್ನುವಂತೆ ತಲೆಯಾಡಿಸಿ, ಪಕ್ಕಕ್ಕೆ ಸರಿಯಲು ಹೊರಟ.

ಪರದೆ ಸರಿಯಿತು. ಸಿಮ್ಹಾ ಆಂಟಿ ಗಂಡಸರ ನಡುವೆ, ಯಾರ ಮುಖವನ್ನೂ ನೋಡದೆ, ಮಂಡಿ ನೋವಿಗೆ ಕುರ್ಚಿಗಳನ್ನು ಹಿಡಿದುಕೊಂಡು ನಡೆದು ಬಂದರು. ಅಷ್ಟು ವರ್ಷಗಳಲ್ಲಿ ಪ್ರಾರ್ಥನೆಯ ಹೊತ್ತಿಗೆ ಆ ಕಡೆಯಿಂದ ಈ ಕಡೆಗೆ ಯಾವ ಹೆಂಗಸೂ ಬಂದದ್ದಿಲ್ಲವೆಂದು ಆಮೇಲೆ ಎಲಿ ಹೇಳಿದ. ರಫಿಯ ಮುಂದೆ ನಿಂತು ಕತ್ತೆತ್ತಿ ಅವನನ್ನು ನೋಡಿದರು. ಅವನು ಚಿಕ್ಕ ಹುಡುಗನ ಹಾಗೆ ಕಣ್ಣು ಮುಚ್ಚಿಕೊಂಡ. ಆಂಟಿ ತೋಳಿನ ಮಡಿಕೆಯಲ್ಲಿದ್ದ ಕರ್ಚೀಫು ತೆಗೆದು ಅವನ ಗಡ್ಡದಿಂದ ಪೈ ಚೂರುಗಳನ್ನು ಒಂದೊಂದಾಗಿ ಕೊಡವಿದರು. ಭುಜದ ಮೇಲಿನದನ್ನೂ ಕೊಡವಿದರು. ತುಟಿಯ ಮೂಲೆ ಒರೆಸಿದರು.

'ಈಗ ಹೇಳು' ಎಂದರು.

ರಫಿ ಹೇಳಿದ. ಮೊದಲು ಮೆಲ್ಲಗೆ, ಆಮೇಲೆ ಗಟ್ಟಿಯಾಗಿ, ಮೊರೊಕ್ಕೊದ ರಾಗದಲ್ಲಿ. ಸಿಮ್ಹಾ ಆಂಟಿ ಪರದೆಯ ಹಿಂದಕ್ಕೆ ಹೋಗಲಿಲ್ಲ, ಅಲ್ಲೇ ಅವನ ಪಕ್ಕದಲ್ಲಿ ನಿಂತರು. ನಾನು ಆಲ್ಬರ್ಟ್ ಅಂಕಲ್ ಕಡೆ ನೋಡಿದೆ. ಅವರು ಏನೋ ಹೇಳಬೇಕೆಂದು ಕುರ್ಚಿಯಿಂದ ಅರ್ಧ ಎದ್ದು ಬಾಯಿ ತೆರೆದರು. ಬಾಯಿಂದ ಬಂದದ್ದು ಆಮೆನ್.